ಮುನ್ನೂರು ಗ್ರಾಂ

ಮಿಲ್ಡೂರಾದಲ್ಲಿ ಫೆಬ್ರವರಿ ಎಂದರೆ
ತಗಡಿನ ಶೆಡ್ಡು, ದ್ರಾಕ್ಷಿಯ ಅಂಟು, ನೊಣ,
ನಾನು, ಮತ್ತು ಒಂದು ತೂಕದ ಯಂತ್ರ.
ಕೊಯ್ದವರು ಪೆಟ್ಟಿಗೆ ಇಡುತ್ತಾರೆ, ಕೆಂಪು ಅಂಕಿ ಹೊತ್ತಿಕೊಳ್ಳುತ್ತದೆ,
ಅದು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ.
ಅಷ್ಟೇ ಕೆಲಸ.

ಮೇಸ್ತ್ರಿ ಲೆಯ್ಟನ್ ನನ್ನನ್ನು ಸೂ ಎನ್ನುತ್ತಾನೆ.
ಸುವಾರ್ತೆ ಅವನ ಬಾಯಿಗೆ ಉದ್ದವಾಯಿತು;
'ಸು' ಉಳಿಯಿತು, ವಾರ್ತೆ ಉದುರಿತು.
ಹೆಸರಿನಲ್ಲೇ ತೂಕ ಇಳಿಸಿಕೊಂಡವಳು
ಪೆಟ್ಟಿಗೆಯ ತೂಕ ಕೇಳುವುದೇನು ಅಂದುಕೊಂಡಿದ್ದೆ.

ಗೊತ್ತಾದದ್ದು ಒಂದು ಲೀಟರು ನೀರಿನಿಂದ.
ಕುಡಿಯಲು ತಂದ ಹೊಸ ಬಾಟಲಿಯನ್ನು
ಸುಮ್ಮನೆ ತಟ್ಟೆಯ ಮೇಲಿಟ್ಟೆ: ಏಳುನೂರ ಚಿಲ್ಲರೆ.
ತೆಗೆದು ಮತ್ತೆ ಇಟ್ಟೆ. ಏಳುನೂರ ಚಿಲ್ಲರೆ.
ನೀರು ಸುಳ್ಳು ಹೇಳುವುದಿಲ್ಲ.
ಅದು ಮಂಗಳವಾರ. ಅಲ್ಲಿಂದ ಹನ್ನೊಂದು ದಿನ
ನಾನೂ ಹೇಳಲಿಲ್ಲ.
ಸುಳ್ಳನ್ನಲ್ಲ, ಏನನ್ನೂ.

ಬೆಟಗೇರಿಯಲ್ಲಿ ಅಜ್ಜಿ ಕರುಣವ್ವನದು ಕಿರಾಣಿ ಅಂಗಡಿ.
ಬೆಲ್ಲ, ಶೇಂಗಾ, ಚಿಮಣಿ ಎಣ್ಣೆ.
ಓದು ಬಾರದವಳಿಗೆ ಧರ್ಮಶಾಸ್ತ್ರವೆಲ್ಲ ಒಂದೇ ಮಾತು:
"ಕೊಳ್ಳೂದಕ್ಕೊಂದು ಕಲ್ಲು, ಮಾರೂದಕ್ಕೊಂದು ಕಲ್ಲು ಇಡಬ್ಯಾಡ."
ಎದುರಂಗಡಿಯವನು ತಕ್ಕಡಿಯ ತಳಕ್ಕೆ
ಚಿಟಿಕೆ ಹುಣಸೆಹಣ್ಣು ಒತ್ತುವುದನ್ನು ಕಣ್ಣಲ್ಲೇ ತೋರಿಸಿ,
"ಹುಣಸಿಹಣ್ಣು ಮೆತ್ತಿದ ಕೈ, ತಂಗಿ,
ಪ್ರಾರ್ಥನಿಗೆ ಜೋಡಿಸಿದರ ಬಿಡಿಸಾಕ ಬರೂದಿಲ್ಲ."

ನಾನು ಮೆತ್ತಿರಲಿಲ್ಲ. ಅದೇ ನನ್ನ ವಾದ.
ಮೆತ್ತಿದವನು ಲೆಯ್ಟನ್, ಇಲ್ಲವೇ ಅವನ ಮೇಲಿನವನು,
ಇಲ್ಲವೇ ನಲವತ್ತೆರಡು ಡಿಗ್ರಿಗೆ ಯಂತ್ರಕ್ಕೇ ತಲೆ ಕೆಟ್ಟಿರಬಹುದು.
ನನ್ನ ವೀಸಾ ಜೂನಿಗೆ ಮುಗಿಯುತ್ತದೆ.
ಮೇಲಾಗಿ ನಾವೀಗ ಕೃಪೆಯ ಕಾಲದವರು,
ಕಲ್ಲಿನ ಹಲಗೆ ಎದೆಗವಚಿಕೊಂಡು ಕೂರಬಾರದು ಎಂದು
ಸಂಡೇ ಸ್ಕೂಲಿನ ಮಕ್ಕಳಿಗೆ ನಾನೇ ಕಲಿಸಿದ್ದೆ.
ಎಷ್ಟು ಹೊತ್ತಿಗೆ ಸರಿಯಾಗಿ ಒದಗಿತು ಆ ಪಾಠ!

ನಡುವೆ ಒಂದು ಭಾನುವಾರ. ಡೀಕಿನ್ ರಸ್ತೆಯ ಸಭೆಯಲ್ಲಿ
ವಾಚನ ನನ್ನ ಪಾಳಿ. ಪುಟ ತೆರೆದರೆ ವಂಶಾವಳಿ:
ಇವನು ಅವನನ್ನು ಪಡೆದನು, ಅವನು ಮತ್ತೊಬ್ಬನನ್ನು.
ಬದುಕಿದೆ, ಅಂದುಕೊಂಡೆ.
ಆಮೇಲೆ ಕಾಣಿಕೆಯ ತಟ್ಟೆ ಹಿಡಿದು ಸಾಲು ಸಾಲು ನಡೆದೆ.
ಹಿಂದಿನ ಬೆಂಚಿನಲ್ಲಿ ಟೊಂಗಾದ ಫೀನೌ,
ತಂತಿ ಗೀರಿದ ಮೊಣಕೈ, ಇಸ್ತ್ರಿಯ ಬಿಳಿ ಅಂಗಿ,
ನಾಲ್ಕು ಮಡಿಕೆಯ ಹತ್ತು ಡಾಲರು ಹಾಕಿದಳು.
ತಟ್ಟೆ ಭಾರವಾಯಿತು ಎಂದರೆ ಕವಿತೆಯಾದೀತು.
ಆಗಲಿಲ್ಲ. ಕಾಗದಕ್ಕೆಲ್ಲಿಯ ತೂಕ.

ಫೀನೌಗೆ ಒಂದು ಅಭ್ಯಾಸ:
ಪೆಟ್ಟಿಗೆ ಇಟ್ಟು, ಅಂಕಿ ನೋಡಿ,
"ಮಾಲೋ" ಅನ್ನುತ್ತಾಳೆ. ಉಪಕಾರವಾಯಿತು ಎಂದು.
ನನಗೆ.
ದಿನಕ್ಕೆ ಅರವತ್ತು ಸಲ.
ಹನ್ನೆರಡನೆಯ ದಿನ, ಶನಿವಾರ, ಹತ್ತು ಗಂಟೆಗೆ,
ಅದನ್ನು ಬರೆಯಲು ನನ್ನ ಪುಸ್ತಕದಲ್ಲಿ ಕಾಲಂ ಸಿಗಲಿಲ್ಲ.
ಅವಳ ಪೆಟ್ಟಿಗೆ ಇಳಿಸಿ ಬಾಟಲಿ ಇಟ್ಟೆ.
ಒಂದು ಮಾತೂ ಆಡಲಿಲ್ಲ.
ಸಾಲಿನಲ್ಲಿದ್ದವರೆಲ್ಲ ಓದಿಕೊಂಡರು.

ಲೆಯ್ಟನ್ ಬಂದ, ಯಾವುದೋ ಗುಂಡಿ ಒತ್ತಿದ,
"ಹಳೇ ಮೆಷಿನ್ನು, ಸೂ" ಅಂದ.
ನೀರು ತನ್ನ ತೂಕಕ್ಕೆ ಮರಳಿತು.
ಹನ್ನೊಂದು ದಿನ ಮರಳಲಿಲ್ಲ.

ರಾತ್ರಿ ಲೆಕ್ಕಕ್ಕೆ ಕೂತೆ.
ಹದಿನಾಲ್ಕು ಜನ, ಪೆಟ್ಟಿಗೆಗೆ ಮುನ್ನೂರು ಗ್ರಾಂ:
ಏಳುನೂರ ಐವತ್ತಾರು ಡಾಲರು.
ಮರ ಹತ್ತಿದ ಆ ಸುಂಕದವನು ನಾಲ್ಕರಷ್ಟು ಕೊಡುತ್ತೇನೆಂದನಂತೆ.
ಗುಣಿಸಿದೆ. ಮೂರು ಸಾವಿರದ ಇಪ್ಪತ್ತನಾಲ್ಕು.
ಅಷ್ಟು ಎತ್ತರದ ಮರ ನಾನು ಹತ್ತಿರಲಿಲ್ಲ.
ಒಂದರಷ್ಟು ಕೊಟ್ಟೆ, ಹದಿನಾಲ್ಕು ಲಕೋಟೆಗಳಲ್ಲಿ.

ಫೀನೌ ಎಣಿಸಿದಳು. ಐವತ್ತನಾಲ್ಕು.
ಯಾತಕ್ಕೆ ಎಂದಳು. ಹೇಳಿದೆ, ಹನ್ನೊಂದನ್ನೂ ಸೇರಿಸಿ.
ಬಹಳ ಹೊತ್ತು ನನ್ನನ್ನೇ ನೋಡಿದಳು,
ಲಕೋಟೆ ಮಡಿಚಿ ಜೇಬಿಗಿಟ್ಟು ಸಾಲಿಗೆ ಮರಳಿದಳು.
ಮಾಲೋ ಅನ್ನಲಿಲ್ಲ.
ಅದೂ ಸರಿಯಾದ ತೂಕವೇ.

ಬುಧವಾರ ಕಾಗದ ಬಂತು: ಇನ್ನು ಬರುವುದು ಬೇಡ.
ಮೇಲ್ಗಡೆ, ಒಂದಕ್ಷರ ಉದುರದೆ,
ಮೊದಲ ಸಲ, ಸುವಾರ್ತೆ.
ಶೆಡ್ಡಿನ ಹೊರಗೆ ಬಸ್ಸಿಗೆ ನಿಂತೆ.
ಬಾಟಲಿಯಲ್ಲಿ ಇನ್ನೂ ನೀರಿತ್ತು, ಬಿಸಿಯಾಗಿತ್ತು.
ಕುಡಿದೆ.